ಅಟ್ಟದಮ್ಮನ ಉಸಿರು

ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಯಿರಿ ಎಂದು ನಾನು ಹೇಳಿದ್ದು. ಎರಡೂವರೆ ನಿಮಿಷಕ್ಕೇ ಆಕೆ ಗೋಡೆ ಹಿಡಿದು ನಿಂತರು. ಸೆರಗಿನಿಂದ ಮುಖ ಒರೆಸಿಕೊಂಡು, ಮಾತಾಡುವಷ್ಟು ಉಸಿರು ಸಿಕ್ಕ ಮೇಲೆ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಬೈದದ್ದು.

"ಅಲ್ಲ ಕಣವ್ವ, ನಡೆದ್ರೆ ಎಲ್ಲಿಗಾದ್ರೂ ಹೋಗ್ಬೇಕು. ಹಿಂಗೆ ಗಾಣದೆತ್ತಿನಂಗೆ ಅತ್ಲಾಗೊಂದ್ಸಲ ಇತ್ಲಾಗೊಂದ್ಸಲ ತಿರುಗಿಸಿದ್ರೆ ಎಂಥೋರಿಗೂ ಉಸಿರು ಕಟ್ತದೆ!"

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದರು ಬೆಂಚಿನ ಮೇಲೆ ಕೂತಿದ್ದ ಅವರ ಯಜಮಾನರು.

"ನೀವು ಸುಮ್ಕಿರ್ರೀ. ನಡೀತಿರೋಳು ನಾನು."

ನಾನು ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಮಂಡಿ ನೋವು, ಸೊಂಟ ನೋವು, ಮರದಿಂದ ಬಿದ್ದವರ ಮುರಿದ ಕಾಲು, ಇವೇ ನನ್ನ ದಿನದ ಅನ್ನ. ಹೃದಯದ ತೊಂದರೆ ಇರುವವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿತಿದ್ದೆನಾದರೂ, ಕಲಿತಿದ್ದನ್ನು ಒಂದು ಜೀವದ ಮೇಲೆ ಮೊದಲಿನಿಂದ ಕೊನೆಯವರೆಗೆ ಪ್ರಯೋಗಿಸಿದ್ದು ಈಕೆಯ ಮೇಲೆಯೇ. ಹೆಸರು ಬೇಡ. ನಾನು ಮನಸ್ಸಿನಲ್ಲಿ ಅಟ್ಟದಮ್ಮ ಎನ್ನುತ್ತಿದ್ದೆ, ಇಲ್ಲೂ ಹಾಗೇ ಇರಲಿ. ವಯಸ್ಸು ಅರವತ್ತೆರಡು. ಕಿಬ್ಬನಹಳ್ಳಿ ಕಡೆಯ ಒಂದು ಹಳ್ಳಿಯವರು, ತೆಂಗಿನ ತೋಟದವರು.

ಅವರ ಚೀಟಿಯಲ್ಲಿ 'ಹೃದಯ ವೈಫಲ್ಯ' ಎಂದಿತ್ತು. ಈ ಹೆಸರಿಟ್ಟವರನ್ನು ಕಂಡರೆ ನನಗೆ ಸಿಟ್ಟು. ಕೇಳಿದವರೆಲ್ಲ ಹೃದಯ ನಿಂತೇಹೋಯಿತೇನೋ ಎಂದು ಬೆಚ್ಚುತ್ತಾರೆ. ನಿಂತಿರುವುದಿಲ್ಲ, ಒತ್ತುವ ಬಲ ಕಡಿಮೆಯಾಗಿರುತ್ತದೆ, ಅಷ್ಟೆ. ಕೂತಾಗ ಹೇಗೋ ಸಾಲುತ್ತದೆ. ನಡೆದರೆ, ಹತ್ತಿದರೆ, ಮೈ ಕೇಳಿದಷ್ಟು ರಕ್ತ ಒದಗಿಸಲು ಆಗುವುದಿಲ್ಲ. ಮುಂದಕ್ಕೆ ಹೋಗದ್ದು ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ಏದುಸಿರು ಬರುತ್ತದೆ. ಏದುಸಿರಿಗೆ ಹೆದರಿ ಮನುಷ್ಯ ಕೂತುಬಿಡುತ್ತಾನೆ. ಕೂತಷ್ಟೂ ಕಾಲಿನ ಸ್ನಾಯು ಸೊರಗಿ, ನಾಳೆ ಇನ್ನೂ ನಾಲ್ಕು ಹೆಜ್ಜೆ ಮೊದಲೇ ಏದುಸಿರು. ಅದಕ್ಕೇ ಅಳತೆ ನೋಡಿ ನಡೆಸಬೇಕು.

ಏದುಸಿರಿಗೂ ಒಂದು ಅಳತೆಯಿದೆ. ಸೊನ್ನೆಯಿಂದ ಹತ್ತರವರೆಗೆ ರೋಗಿಯೇ ಅಂಕ ಹೇಳಬೇಕು.

"ಈಗ ಎಷ್ಟು ಹೇಳ್ತೀರಮ್ಮ?"

"ಏಳೋ ಎಂಟೋ ಬರ್ಕೊ. ಒಂಬತ್ತಾದ್ರೆ ನಿಂಗೆ ಹೇಳಾಕೆ ನಾನಿರಲ್ಲ."

ನಕ್ಕುಬಿಟ್ಟೆ. ಆ ಗಳಿಗೆಯಲ್ಲೇ ಈ ಹೆಂಗಸು ನನಗೆ ಇಷ್ಟವಾಗಿಹೋದರು. ನಾನು ತುಂಬಬೇಕಿದ್ದ ಕಾರ್ಡಿನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು: ಚಿಕಿತ್ಸೆಯಿಂದ ನಿಮಗೇನು ಆಗಬೇಕು? ಎಲ್ಲರೂ ಹುಷಾರಾಗಬೇಕು ಎನ್ನುತ್ತಾರೆ. ಈಕೆ ಯೋಚಿಸಲೂ ಇಲ್ಲ.

"ಅಟ್ಟ ಹತ್ಬೇಕು."

ನಮ್ಮ ಸೀಮೆಯವರಿಗೆ ಅಟ್ಟ ಎಂದರೆ ಏನೆಂದು ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ನೋಡಲು ಇರುವುದೊಂದೇ ದಾರಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರುಳಿದಿದ್ದರೆ ಒಂದು ಸದ್ದು, ಉಂಡೆ ಚಿಪ್ಪಿಗೆ ಬಡಿದರೆ ಇನ್ನೊಂದು ಸದ್ದು. ಹಸಿಯುಳಿದದ್ದನ್ನು ಒಡೆದರೆ ಕೊಬ್ಬರಿ ಕೆಟ್ಟಿತು. ಮದುವೆಯಾಗಿ ಬಂದ ವರ್ಷದಿಂದ ಆ ಮನೆಯಲ್ಲಿ ಯಾವ ಮೂಲೆಯ ಕಾಯಿ ಯಾವಾಗ ಇಳಿಯಬೇಕೆಂದು ಹೇಳುತ್ತಿದ್ದದ್ದು ಅಟ್ಟದಮ್ಮನ ಕಿವಿ. ಯಜಮಾನರ ಕಿವಿಗೆ ಆ ಸದ್ದುಗಳ ವ್ಯತ್ಯಾಸ ಹತ್ತದು.

ಮೊದಲ ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಯಜಮಾನರು ಹೆದರಿಹೋಗಿದ್ದರು. ಹೆಂಡತಿ ಮನೆಗೆ ಮರಳುವಷ್ಟರಲ್ಲಿ ಅಟ್ಟದ ಏಣಿಯನ್ನು ತೆಗೆದು ಹಿತ್ತಲಿಗೆ ಸಾಗಿಸಿದ್ದರು. ಈ ಸಲದ್ದು ಹೇಗೋ ಇಳಿಸೋಣ, ಮುಂದಿನ ಕೊಯ್ಲಿನಿಂದ ಕಾಯನ್ನು ಹಸಿಯಾಗಿಯೇ ಕೊಟ್ಟು ಅಟ್ಟವನ್ನೇ ಕಳಚಿಸಿಬಿಡುತ್ತೇನೆ ಎಂದು ತೀರ್ಮಾನಿಸಿದ್ದರು. ಅಟ್ಟದ ಕಾಯಿ ಇಳಿಸಲು ಮೂರು ತಿಂಗಳಿತ್ತು. ಅಷ್ಟರಲ್ಲಿ ಆಕೆ ಹತ್ತಿ ತೋರಿಸಬೇಕು, ಇಲ್ಲವೆಂದರೆ ಅಟ್ಟವೇ ಇರುವುದಿಲ್ಲ.

"ಹತ್ತಿಸ್ತೀನಿ ಬನ್ನಿ," ಎಂದೆ. ಬಾಯಿ ಜೋರು ನನ್ನದು.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದೆ. ಹಳ್ಳಿಯಿಂದ ಆಟೋ ಹಿಡಿದು ಹೆದ್ದಾರಿಯ ಕೆ.ಬಿ. ಕ್ರಾಸಿಗೆ, ಅಲ್ಲಿಂದ ಬಸ್ಸಿನಲ್ಲಿ ತಿಪಟೂರಿಗೆ, ಗಂಡಹೆಂಡಿರು ಒಂದು ದಿನವೂ ತಪ್ಪಿಸಲಿಲ್ಲ. ಎರಡು ವಾರದಲ್ಲಿ ಆರು ನಿಮಿಷವನ್ನೂ ನಿಲ್ಲದೆ ನಡೆದರು. ಅಂಕ ನಾಲ್ಕಕ್ಕಿಳಿಯಿತು. ನಾನು ಗ್ರಾಫ್ ಬರೆದು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮೂರನೆಯ ವಾರ ಗ್ರಾಫ್ ಮೇಲೇರುವುದು ನಿಂತಿತು. ನಾಲ್ಕನೆಯ ವಾರ ಇಳಿಯತೊಡಗಿತು. ಸೋಮಾರಿತನ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ! ಶುಕ್ರವಾರ, "ಇನ್ನೊಂದು ಸುತ್ತು ಹಾಕಿಬಿಡಿ ಅಮ್ಮ, ಅಟ್ಟ ಹತ್ತಬೇಕೋ ಬೇಡವೋ?" ಎಂದು ಹುರಿದುಂಬಿಸಿದೆ. ಪುಣ್ಯಾತ್ಗಿತ್ತಿ ನನ್ನ ಮಾತಿಗೆ ಅದನ್ನೂ ಹಾಕಿ, ಬೆಂಚಿನ ಮೇಲೆ ಕುಸಿದರು. ಬೈಯಲಿಲ್ಲ. ಬೈಗುಳವಿಲ್ಲದ ಆ ಮುಖ ನೋಡಿ ನನಗೆ ಭಯವಾಯಿತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿತ್ತು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯಿತು. ತೂಕ ನೋಡಿದರೆ ಮೊದಲ ದಿನಕ್ಕಿಂತ ನಾಲ್ಕು ಕಿಲೋ ಹೆಚ್ಚು. ಅಷ್ಟೂ ಮೈಯಲ್ಲಿ ನಿಂತ ನೀರು.

ಹೃದಯದ ಡಾಕ್ಟರು ಬಂದು ಎದೆಗೆ ಸ್ಟೆಥಸ್ಕೋಪ್ ಇಟ್ಟು ನೋಡಿ, ದಾಖಲು ಮಾಡಲು ಹೇಳಿದರು. ಆಮೇಲೆ ನನ್ನನ್ನು ಕೇಳಿದರು.

"ಮಧ್ಯದಲ್ಲಿ ತೂಕ ಯಾವಾಗ ನೋಡಿದ್ರಿ?"

"ನೋಡಿಲ್ಲ ಸರ್. ಮೊದಲ ದಿನ ಅಷ್ಟೇ."

ಅವರು ಚೀಟಿಗೆ ಇಂಜೆಕ್ಷನ್ ಬರೆದು ಹೊರಟುಹೋದರು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ವಾರ್ಡಿನಲ್ಲಿ ಮಾತ್ರೆಗಳನ್ನೆಲ್ಲ ತೋರಿಸಿ ಎಂದೆ. ಯಜಮಾನರು ಚೀಲದಿಂದ ತೆಗೆದು ಮಂಚದ ಮೇಲೆ ಹರವಿದರು. ಎಲ್ಲವೂ ಸರಿಯಾಗಿದ್ದವು, ಒಂದನ್ನು ಬಿಟ್ಟು. ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಬೆಳಗಿನ ಮಾತ್ರೆ ಹನ್ನೆರಡು ಮಿಕ್ಕಿದ್ದವು. ನಾಲ್ಕು ವಾರ, ವಾರಕ್ಕೆ ಮೂರು. ಸೋಮವಾರ, ಬುಧವಾರ, ಶುಕ್ರವಾರ.

"ಅಮ್ಮ, ಇಲ್ಲಿಗೆ ಬರೋ ದಿನ ಈ ಮಾತ್ರೆ ನುಂಗ್ತಿರಲಿಲ್ವಾ?"

ಆಕೆ ಗಂಡನ ಕಡೆ ನೋಡಿ ದನಿ ತಗ್ಗಿಸಿದರು. "ಅದ್ನ ನುಂಗಿದ್ರೆ ಗಂಟೆಗೆ ಮೂರು ನಾಕು ಸಲ ಹೋಗ್ಬೇಕು ಕಣವ್ವ. ಬಸ್ನಾಗೆ ಎಲ್ಲೋಗ್ಲಿ? ಗಂಡಸ್ರಾದ್ರೆ ಯಾವ್ದೋ ಮರದ ಮರೇಲಿ ನಿಂತ್ಕತಾರೆ. ನಾನೇನ್ ಮಾಡ್ಲಿ? ನಿನ್ ತಾವ ಬರಾದು ತಪ್ಪಿಸ್ಬಾರ್ದು ಅಂತ ಮಾತ್ರೇನೇ ಬುಟ್ಟೆ."

ನನ್ನ ಹತ್ತಿರ ಬರುವುದು ತಪ್ಪಬಾರದೆಂದು! ನಾನೂ ಹೆಣ್ಣು, ದಿನಾ ಬಸ್ಸು ಹತ್ತಿ ಓದಿದವಳು, ಮನೆ ಬಿಡುವ ಮುಂಚೆ ನೀರು ಕುಡಿಯದೆ ಹೊರಡುವ ಅಭ್ಯಾಸ ಇವತ್ತಿಗೂ ಹೋಗಿಲ್ಲದವಳು. ನನಗಾದರೂ ಹೊಳೆಯಬೇಡವೇ? ಕಾರಿಡಾರಿಗೆ ಬಂದು ಸ್ವಲ್ಪ ಹೊತ್ತು ಅತ್ತೆ. ಗೋಡೆಯ ಗ್ರಾಫನ್ನು ನಾನೇ ಕಿತ್ತೆ.

ಇಂಜೆಕ್ಷನ್ ಕೊಟ್ಟು ನಾಲ್ಕು ದಿನದಲ್ಲಿ ನೀರಿಳಿಸಿದರು. ಮನೆಗೆ ಕಳಿಸುವ ದಿನ ಯಜಮಾನರು ಕೈಮುಗಿದು, "ಸಾಕು ಬುಡವ್ವ. ನೀನು ಒಳ್ಳೇದಕ್ಕೇ ಮಾಡ್ದೆ. ಇವ್ಳು ಕೂತಿರ್ಲಿ, ನಾನು ನೋಡ್ಕತೀನಿ," ಎಂದರು. ಅಟ್ಟದಮ್ಮ ಕಿಟಕಿಯ ಕಡೆ ತಿರುಗಿದರು.

ಆಗಲೇ ನಾನು ತೀರ್ಮಾನಿಸಿದ್ದು. ಅವರನ್ನು ನನ್ನ ಕಾರಿಡಾರಿಗೆ ಕರೆಸುವುದು ಬೇಡ, ನಾನೇ ಅವರ ಮನೆಗೆ ಹೋಗುತ್ತೇನೆ. ಡಾಕ್ಟರನ್ನು ಕೇಳಿದೆ. "ದಿನಾ ತೂಕ ನೋಡಿಸಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ವ್ಯಾಯಾಮ ನಿಲ್ಲಿಸಿ ನನಗೆ ಫೋನ್ ಮಾಡಿ. ಬಸ್ಸಿನಲ್ಲಿ ಬರೋ ದಿನ ಆ ಮಾತ್ರೆ ಊರಿಗೆ ವಾಪಸ್ಸಾದ ಮೇಲೆ ತಗೊಳ್ಳಲಿ," ಎಂದರು. ಹೀಗೆ ಹೇಳಿದ್ದರೆ ಮೊದಲೇ ಮುಗಿಯುತ್ತಿತ್ತು. ಆದರೆ ಯಾರೂ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

ವಾರಕ್ಕೆ ಎರಡು ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗತೊಡಗಿದೆ. ತೂಕಕ್ಕೆ ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಪಡಸಾಲೆಯಲ್ಲಿ ಕೊಬ್ಬರಿ ಚೀಲ ತೂಗುವ ಯಂತ್ರ ನಿಂತಿತ್ತು! ದಿನಾ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಯಜಮಾನರು ಹೆಂಡತಿಯನ್ನು ಅದರ ಮೇಲೆ ನಿಲ್ಲಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು.

"ಐವತ್ತೇಳೂವರೆ," ಎನ್ನುವರು. "ಚೀಲದ ತೂಕ ಕಳೀಬೇಕೇನವ್ವ?"

"ನಿಮ್ಮ ತಲೆ ತೂಕ ಕಳೀರಿ, ಏನೂ ಕಮ್ಮಿ ಆಗಲ್ಲ," ಎಂದು ಯಂತ್ರದ ಮೇಲಿನಿಂದ ಉತ್ತರ ಬರುವುದು.

ನಡಿಗೆಯ ಅಳತೆಗೆ ತೋಟವಿತ್ತು. ಮರದಿಂದ ಮರಕ್ಕೆ ಮೂವತ್ತಡಿ. ಮೊದಲ ದಿನ ಎಂಟು ಮರ ನಡೆದು ಕೂತರು. ಎಷ್ಟು ಜೋರಾಗಿ ನಡೆಯಬೇಕು ಎಂಬುದಕ್ಕೆ ನಮ್ಮಲ್ಲೊಂದು ಸುಲಭದ ಪರೀಕ್ಷೆಯಿದೆ, ನಡೆಯುತ್ತಲೇ ಮಾತಾಡಲು ಆಗುತ್ತಿರಬೇಕು. ಯಜಮಾನರನ್ನು ಜೊತೆಗೆ ನಡೆಯಲು ಬಿಟ್ಟೆ. ಅಟ್ಟದಮ್ಮ ಮರಕ್ಕೊಂದರಂತೆ ತಪ್ಪು ಹುಡುಕಿ ಅವರನ್ನು ಬೈಯುವರು. ಈ ಮರದ ಬುಡಕ್ಕೆ ಗೊಬ್ಬರ ಯಾಕೆ ಹಾಕಿಸಿಲ್ಲ, ಆ ಮರದ ಒಣಗರಿ ಯಾಕೆ ಎಳೆಸಿಲ್ಲ. ಬೈಗುಳ ತುಂಡಾದರೆ ನಿಲ್ಲಿಸಿ, ಮತ್ತೆ ಬೈಯುವಂತಾದರೆ ನಡೆಸಿ ಎಂದು ಯಜಮಾನರಿಗೆ ಹೇಳಿಕೊಟ್ಟೆ. ಅವರು ಅಕ್ಷರಶಃ ಪಾಲಿಸಿದರು. ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಎಲ್ಲ ನಡೆಯಿತು. ಐದನೆಯ ವಾರಕ್ಕೆ ಮೂವತ್ತು ಮರ. ಅಂಕ ಮೂರು. ಕ್ಯಾಲೆಂಡರಿನ ತೂಕ ಅಲ್ಲಾಡಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಅಟ್ಟಕ್ಕೆ ಏಣಿ ಆತುಕೊಂಡಿತ್ತು. ಅದೇ ಹಳೆಯ ಏಣಿ. ಆದರೆ ಮೆಟ್ಟಿಲಿಗೆ ಅಗಲದ ಹಲಗೆ ಬಡಿದಿದ್ದರು, ಎರಡೂ ಪಕ್ಕ ಹಿಡಿದುಕೊಳ್ಳಲು ಬೊಂಬು ಕಟ್ಟಿದ್ದರು.

"ಯಾರು ಮಾಡಿದ್ದು?" ಎಂದೆ.

"ಹಿತ್ಲಾಗೆ ಬಿದ್ದಿತ್ತು, ಗೆದ್ದಲು ತಿಂದಾತು ಅಂತ ತಂದೆ," ಎಂದರು ಯಜಮಾನರು, ನನ್ನ ಮುಖ ನೋಡದೆ. ಅವರ ಹೆಬ್ಬೆರಳಿಗೆ ಸುತ್ತಿಗೆಯ ಏಟು ಬಿದ್ದು ಕಪ್ಪಾಗಿತ್ತು.

ಡಾಕ್ಟರು ಒಪ್ಪಿದರು. ಹಿಂದೆ ಒಬ್ಬರಿರಬೇಕು, ಮಾತ್ರೆಯಿಂದ ತಲೆ ಸುತ್ತುವಂತಿದ್ದರೆ ಆ ದಿನ ಬೇಡ, ಅವಸರ ಬೇಡ ಎಂದರು. ಏಣಿಗೆ ಒಂಬತ್ತು ಮೆಟ್ಟಿಲು. ಮೂರಕ್ಕೊಮ್ಮೆ ನಿಂತು, ಕಾಲೆತ್ತಿಡುವಾಗ ಉಸಿರು ಬಿಡುತ್ತ ಅಟ್ಟದಮ್ಮ ಹತ್ತಿದರು. ಹಿಂದೆಯೇ ನಾನು. ಅಂಕ ಮೂರು! ಅಟ್ಟದ ಬಾಯಲ್ಲಿ ಕೂತು ಒಣಸಿಪ್ಪೆಯ ವಾಸನೆ ಎಳೆದುಕೊಂಡು, "ಅಯ್ಯೋ, ನನ್ ಮಕ್ಳು ಹೆಂಗವ್ರೆ ನೋಡು," ಎಂದರು, ಕಾಯಿಗಳ ಕಡೆ ಕೈ ತೋರಿಸಿ.

ಆಮೇಲೆ ಕೆಲಸಕ್ಕಿಳಿದರು. ಅಟ್ಟದ ಸೂರು ತಗ್ಗು, ನಿಲ್ಲಲಾಗುವುದಿಲ್ಲ. ಕುಕ್ಕರಗಾಲಿನಲ್ಲಿ ಬಗ್ಗಿ, ರಾಶಿಯ ಒಳಗಿನಿಂದ ಕಾಯಿ ಎಳೆದು ಕಿವಿಗೆ ಹಿಡಿದು ಅಲ್ಲಾಡಿಸುವುದು. ಒಂದು, ಎರಡು, ಮೂರು. ಆರನೆಯ ಕಾಯಿ ಕೈಯಿಂದ ಜಾರಿತು. ಬಾಯಿ ತೆರೆದು ಗಾಳಿಗೆ ಒದ್ದಾಡತೊಡಗಿದರು. ಬೆರಳಿಗೆ ಹಾಕಿದ್ದ ಆಕ್ಸಿಮೀಟರ್ ತೊಂಬತ್ತಾರು ಎಂದು ನೆಮ್ಮದಿಯಾಗಿ ತೋರಿಸುತ್ತಿತ್ತು. ಅದನ್ನು ನಂಬಿ ಕೂರುವ ಕಾಲ ಹೋಗಿತ್ತು. ಬೆನ್ನು ನೆಟ್ಟಗೆ ಮಾಡಿ ಕಂಬಕ್ಕೆ ಒರಗಿಸಿ, ಅಟ್ಟದ ಬಾಯಿಂದ ಕಾಲು ಇಳಿಬಿಡಿಸಿದೆ. ಎರಡು ನಿಮಿಷಕ್ಕೆ ಉಸಿರು ಹತೋಟಿಗೆ ಬಂತು. ನಿಧಾನ ಇಳಿಸಿದೆವು.

ಕೆಳಗೆ ಯಜಮಾನರು ಏಣಿಗೆ ಅಡ್ಡ ನಿಂತರು. "ಆತಲ್ಲ, ಹತ್ತಿದ್ದಾತಲ್ಲ! ಇನ್ ಸಾಕು ಮುಗಿಸ್ರವ್ವ."

ನನಗೆ ಹೊಳೆಯಲಿಲ್ಲ. ಮೂವತ್ತು ಮರ ನಡೆಯುವ ಹೆಂಗಸು, ಒಂಬತ್ತು ಮೆಟ್ಟಿಲು ಹತ್ತಿಯೂ ಮಾತಾಡುವ ಹೆಂಗಸು ಆರು ಕಾಯಿ ಅಲ್ಲಾಡಿಸಿ ಸೋಲುವುದೆಂದರೇನು? ಬಗ್ಗಿದರೆ ಇಂಥವರಿಗೆ ಉಸಿರು ಕಟ್ಟುವುದುಂಟು. ಹೊಟ್ಟೆ ಒತ್ತಿ ಎದೆಯೊಳಗಿನ ಒತ್ತಡ ಏರುತ್ತದೆ. ಅದು ಗೊತ್ತಿತ್ತು. ಆದರೆ ಕಸ ಗುಡಿಸುವಾಗ ಬಗ್ಗಿದ್ದನ್ನು ನಾನೇ ನೋಡಿದ್ದೆ, ಇಷ್ಟು ಬೇಗ ಸೋತಿರಲಿಲ್ಲ.

ಮುಂದಿನ ಸಲ ಹೋದಾಗ ಜಗಲಿಯ ಮೇಲೆ ಕುರ್ಚಿ ಹಾಕಿಸಿ ಕೂರಿಸಿದೆ. ಯಜಮಾನರು ಅಟ್ಟದಿಂದ ಒಂದು ಮಂಕರಿ ಕಾಯಿ ತಂದಿಟ್ಟರು. "ಅಲ್ಲಿ ಹೆಂಗೆ ಮಾಡ್ತೀರೋ ಹಂಗೇ ಮಾಡಿ ತೋರಿಸಿ," ಎಂದು ಎದುರು ಕೂತೆ. ನೆಟ್ಟಗೆ ಕೂತು ಕಾಯಿ ತೆಗೆದುಕೊಂಡರು, ಕಿವಿಗೆ ಹಿಡಿದರು, ಕಣ್ಣು ಅರೆಮುಚ್ಚಿದರು. ನಾನು ಕಾಯನ್ನು ನೋಡಲಿಲ್ಲ, ಎದೆಯನ್ನು ನೋಡಿದೆ. ಎದೆ ನಿಂತಿತ್ತು. ಮನಸ್ಸಿನಲ್ಲೇ ಎಣಿಸಿದೆ. ಎಂಟು, ಒಂಬತ್ತು, ಹತ್ತು. ಕಾಯಿ ಕೆಳಗಿಟ್ಟ ಮೇಲೆ ಒಂದು ಗುಟುಕು ಉಸಿರು. ಮತ್ತೆ ಇನ್ನೊಂದು ಕಾಯಿ, ಮತ್ತೆ ಎದೆ ಸ್ತಬ್ಧ.

"ಅಮ್ಮ! ಉಸಿರು ಯಾಕೆ ಹಿಡೀತೀರ?"

"ನಾನೆಲ್ಲಿ ಹಿಡೀತೀನಿ?"

"ಈಗ ಹಿಡಿದ್ರಲ್ಲ!"

ಆಕೆ ಇನ್ನೊಂದು ಕಾಯಿ ಎತ್ತಿ, ಅಲ್ಲಾಡಿಸಿ, ತಾವೇ ಬೆಚ್ಚಿ ನನ್ನನ್ನು ನೋಡಿದರು. "ಅಯ್ಯ ಶಿವನೇ, ಹೌದಲ್ಲೇ! ನಮ್ಮತ್ತೆ ಹೇಳ್ತಿದ್ರು ಕಣೇ, ಕಾಯಿ ಮಾತಾಡ್ಬೇಕಾದ್ರೆ ನಾವು ಸದ್ದು ಮಾಡ್ಬಾರ್ದು, ಉಸಿರೂ ಬುಡ್ಬಾರ್ದು ಅಂತ. ಉಸಿರು ಬುಟ್ರೆ ಅದ್ರ ಸದ್ದೇ ಕಿವೀಲಿ ತುಂಬ್ಕತದೆ."

ಎಲ್ಲ ಸೇರಿ ಅರ್ಥವಾಯಿತು. ಕುಕ್ಕರಗಾಲು, ಹೊಟ್ಟೆ ಒತ್ತಿ ಬಗ್ಗಿದ ಮೈ, ಅದರ ಮೇಲೆ ಕಾಯಿಗೊಮ್ಮೆ ಬಿಗಿಹಿಡಿದ ಉಸಿರು. ಗಟ್ಟಿ ಹೃದಯವಿದ್ದಾಗ ನಲವತ್ತು ವರ್ಷ ನಡೆದುಹೋಗಿತ್ತು. ಈ ಹೃದಯಕ್ಕೆ ಆರೇ ಕಾಯಿ. ಇದು ಯಾವ ಕಾರಿಡಾರಿನಲ್ಲಿ ನನಗೆ ಕಾಣುತ್ತಿತ್ತು? ಎದ್ದು ಅಟ್ಟದಮ್ಮನನ್ನು ತಬ್ಬಿಕೊಂಡುಬಿಟ್ಟೆ. ಯಜಮಾನರು ಏನಾಯಿತೋ ಎಂದು ಗಾಬರಿಯಾಗಿ ನೀರು ತಂದರು.

ಉಳಿದದ್ದು ಅಭ್ಯಾಸ, ಅದು ಏಣಿಗಿಂತ ಕಷ್ಟವಾಯಿತು. ಬೆನ್ನು ನೆಟ್ಟಗಿಟ್ಟು ಕೂರಬೇಕು, ಬಗ್ಗುವ ಕೆಲಸ ಯಜಮಾನರದ್ದು. ಕಾಯಿ ಕೈಗೆ ಬಂದಾಗ ಮೂಗಿನಿಂದ ಉಸಿರು ಒಳಗೆ, ಅಲ್ಲಾಡಿಸುವಾಗ ಬಾಯಿ ಸ್ವಲ್ಪ ತೆರೆದು ನಿಧಾನ ಹೊರಗೆ. ಹತ್ತು ಕಾಯಿಗೆ ಒಂದು ವಿಶ್ರಾಂತಿ. ಮೊದಲ ವಾರ ಏನೂ ಕೇಳಿಸದೆ ಸಿಟ್ಟಿಗೆದ್ದು ಕಾಯಿ ಎಸೆದರು. "ನನ್ ಉಸಿರು ಉಳಿಸಾಕೋಗಿ ಕಿವಿ ಕಳೀತೀಯೇನೇ?" ಎಂದು ನನ್ನ ಮೇಲೆ ಹಾರಾಡಿದರು. ಗಂಡಹೆಂಡಿರು ದಿನಾ ಜಗಲಿಯಲ್ಲಿ ಕೂತು, ಇವರು ಕಾಯಿ ಕೊಡುವುದು, ಅವರು ಅಲ್ಲಾಡಿಸುವುದು. ಉಸಿರಿನ ಸದ್ದೇ ಆಗದಷ್ಟು ಮೆಲ್ಲಗೆ ಬಿಡುವುದನ್ನು ಆಕೆಯೇ ಕಂಡುಕೊಂಡರು. ಅದನ್ನು ನಾನು ಕಲಿಸಿದ್ದಲ್ಲ.

ಕಾಯಿ ಇಳಿಸುವ ದಿನ ಬೆಳಿಗ್ಗೆ ರಜೆ ಹಾಕಿ ಹೋದೆ. ತೂಕ ಐವತ್ತೇಳೂವರೆ. ಒಂಬತ್ತು ಮೆಟ್ಟಿಲು, ಮೂರು ನಿಲುಗಡೆ. ಅಟ್ಟದ ಮೇಲೆ ಎರಡು ಮೂಟೆಯ ಮೇಲೆ ಹಲಗೆ ಹಾಕಿ ಪೀಠ ಮಾಡಿದ್ದರು. ಅಟ್ಟದಮ್ಮ ಅದರ ಮೇಲೆ ಕೂತು ಬೆರಳು ತೋರಿಸುವರು, "ಆ ಮೂಲೇದು ತಗೀರಿ, ಬಿಸ್ಲಿಗೆ ಹೆಂಚು ಕಾಯೋ ಕಡೇದು. ಮೇಲಿಂದಲ್ಲ, ಅಡೀದು." ಯಜಮಾನರು ಬಗ್ಗಿ ತೆಗೆದುಕೊಡುವರು. ಕಾಯಿ ಕಿವಿಗೆ, ಬಾಯಿ ತುಸು ತೆರೆದು, ಎದೆ ಮೆಲ್ಲಗೆ ಇಳಿಯುವುದು. "ಇದಾಗೈತೆ." "ಇದಿನ್ನೂ ಇರ್ಲಿ." "ಇದೂ ಆತು." ಐವತ್ತಾದವು, ಎಂಬತ್ತಾದವು. ಅಂಕ ಕೇಳಿದೆ. "ಎರಡು," ಎಂದು ನನ್ನ ಕಡೆ ನೋಡದೆ ಹೇಳಿದರು, ಕೆಲಸದಲ್ಲಿದ್ದವರನ್ನು ಯಾಕೆ ಮಾತಾಡಿಸುತ್ತೀಯ ಎನ್ನುವಂತೆ.

"ಅಟ್ಟ ಕಳಚ್ತೀನಿ ಅಂತಿದ್ರಲ್ಲ?" ಎಂದು ಯಜಮಾನರನ್ನು ಕೆಣಕಿದೆ.

"ಯಾವೋನ್ ಅಂದೋನು?" ಎಂದರು ಅವರು, ಮೈಯೆಲ್ಲ ದೂಳಾಗಿ. "ಮುಂದಿನ ಕೊಯ್ಲಿಗೆ ಅಟ್ಟದ ಆ ಕಡೆ ಗಳ ಬದಲಾಯಿಸ್ಬೇಕು."

ವಿಶ್ರಾಂತಿಯ ಹೊತ್ತಿನಲ್ಲಿ ಅಟ್ಟದಮ್ಮ ಒಂದು ಕಾಯನ್ನು ನನ್ನ ಕೈಗಿಟ್ಟರು. "ನೀನೊಂದ್ ನೋಡು. ನೀರೈತಾ, ಉಂಡೆ ಆಗೈತಾ ಹೇಳು."

ತೆಂಗಿನ ಸೀಮೆಯಲ್ಲೇ ಹುಟ್ಟಿದವಳು ನಾನು. ಇದುವರೆಗೆ ಒಂದು ಕಾಯನ್ನೂ ಕಿವಿಗೆ ಹಿಡಿದವಳಲ್ಲ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದೆ. ಏನೂ ತಿಳಿಯಲಿಲ್ಲ. ಇನ್ನಷ್ಟು ಗಮನವಿಟ್ಟು ಮತ್ತೆ ಅಲ್ಲಾಡಿಸಿದೆ.

ಬೆನ್ನಿಗೆ ರಪ್ಪನೆ ಒಂದು ಏಟು ಬಿತ್ತು.

"ಉಸಿರು ಬುಡು ಕಣೇ! ಎಷ್ಟೊತ್ತು ಹಿಡ್ಕಂಡಿರ್ತೀಯ? ಯಾವಳೇ ನಿಂಗೆ ಹೇಳ್ಕೊಟ್ಟೋಳು?"

ಬಿಟ್ಟೆ. ಆಮೇಲೆ ಕೇಳಿಸಿತು.